ಝಕರಿಯಾ ಒಳಗೆ ಹೋದಾಗಲೆಲ್ಲ

ಮೊದಲ ದಿನ: ಇಸ್ತಾಂಬುಲ್

ಚಪ್ಪಲಿ ಬಿಡುವ ಜಾಗದಲ್ಲೇ ಮೊದಲ ಪಾಠವಾಯಿತು. ಸುಲ್ತಾನ್ ಅಹ್ಮದ್ ಚೌಕದಿಂದ ಸಮುದ್ರದ ಕಡೆಗೆ ಇಳಿಯುವ ಓಣಿಯೊಂದರಲ್ಲಿ ಪ್ರವಾಸಿಗರು ಅಷ್ಟಾಗಿ ಹೋಗದ ಒಂದು ಸಣ್ಣ ಮಸೀದಿ. ಮಧ್ಯಾಹ್ನದ ನಮಾಜು ಮುಗಿದು ಜನ ಹೊರಬರುವವರೆಗೆ ನಾನೂ ಅಕ್ಕನೂ ಅಂಗಳದ ನಲ್ಲಿಗಳ ಹತ್ತಿರ ನಿಂತಿದ್ದೆವು. ತಡವಾಗಿ ಬಂದ ಮುದುಕರೊಬ್ಬರು ಅಲ್ಲಿ ಕೂತು ವುಝೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಶುದ್ಧಿ, ಮಾಡಿದರು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆ, ಕೊನೆಗೆ ಪಾದ. ತಡವಾಗಿದ್ದರೂ ಅವರಲ್ಲಿ ಒಂದಿಷ್ಟೂ ಅವಸರವಿರಲಿಲ್ಲ.

ನಮ್ಮನ್ನು ಒಳಗೆ ಕರೆದವನು ಅಲ್ಲಿ ಮಕ್ಕಳಿಗೆ ಕುರಾನ್ ಓದಲು ಕಲಿಸುವ ಹುಡುಗ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಜಮಖಾನೆಯ ಮೇಲೆ ಹಣೆ ಊರುತ್ತೇವೆ, ಅದು ಕೊಳೆಯಾಗಬಾರದು, ಅದಕ್ಕೇ ಚಪ್ಪಲಿ ಹೊರಗೆ ಎಂದ. ಆಮೇಲೆ ಏನೋ ನೆನಪಾದವನಂತೆ, "ಮೂಸಾ ಪ್ರವಾದಿಗೂ ದೇವರು ಇದನ್ನೇ ಹೇಳಿದ್ದ" ಎಂದು ಸೇರಿಸಿದ. ತುವಾ ಕಣಿವೆಯಲ್ಲಿ ದೂರದ ಬೆಂಕಿ ಕಂಡು ಹತ್ತಿರ ಹೋದ ಮೂಸಾನಿಗೆ, ಇದು ಪವಿತ್ರ ನೆಲ, ಪಾದರಕ್ಷೆ ಕಳಚು ಎಂಬ ದನಿ ಕೇಳಿದ ಪ್ರಸಂಗ ಕುರಾನಿನ 20ನೇ ಅಧ್ಯಾಯದಲ್ಲಿದೆ. ಅಕ್ಕ ನನ್ನ ಮುಖ ನೋಡಿದಳು. ನಾವಿಬ್ಬರೂ ಸಿಸ್ಟರ್‌ಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದಿದವರು. ಉರಿದರೂ ಬೂದಿಯಾಗದ ಪೊದೆ, ಅದರೊಳಗಿಂದ ಮೋಶೆಯನ್ನು ಹೆಸರಿಡಿದು ಕರೆದ ದೇವರು, ಕೆರ ಬಿಚ್ಚಿ ನಿಂತ ಕುರುಬ, ಎಲ್ಲವನ್ನೂ ನೀತಿಪಾಠದ ತರಗತಿಯಲ್ಲಿ ಕೇಳಿದ್ದೆವು. "ಅದೇ ಕಥೆ ಕಣೇ" ಎಂದಳು ಅಕ್ಕ, ಮೆಲ್ಲಗೆ.

ಒಳಗೆ ಮೂರ್ತಿಯಿಲ್ಲ, ಚಿತ್ರವಿಲ್ಲ. ಮಕ್ಕಾದ ದಿಕ್ಕಿನ ಗೋಡೆಯಲ್ಲಿ ಮಿಹ್ರಾಬ್ ಎಂಬ ಕಮಾನಿನ ಗೂಡು, ಅದರ ಪಕ್ಕ ಶುಕ್ರವಾರದ ಪ್ರವಚನಕ್ಕೆ ಮೆಟ್ಟಿಲುಳ್ಳ ಮಿಂಬರ್. ಗೂಡು ಬರಿದು. ಗರ್ಭಗುಡಿಯ ಕಡೆಗೆ ನೋಡಿ ಅಭ್ಯಾಸವಾದ ಕಣ್ಣು ಅಲ್ಲಿ ಏನನ್ನೋ ಹುಡುಕುತ್ತದೆ. ಸಿಗುವುದು ಮೇಲಿನ ಒಂದು ಸಾಲು ಅರಬಿ ಬರಹ ಮಾತ್ರ. ಅದರಲ್ಲಿ ಏನಿದೆ ಎಂದು ಕೇಳಿದೆ. ಹುಡುಗ ಬೆರಳಿಟ್ಟು ಓದಿದ: "ಝಕರಿಯಾ ಆಕೆಯಿದ್ದ ಮಿಹ್ರಾಬಿನೊಳಗೆ ಹೋದಾಗಲೆಲ್ಲ..." ಅಷ್ಟೇ. ವಾಕ್ಯ ಅರ್ಧಕ್ಕೇ ನಿಂತಿದೆ. ಆಕೆ ಎಂದರೆ ಯಾರು? "ಮರ್ಯಮ್. ಈಸಾನ ತಾಯಿ."

ನಾನು ಅಲ್ಲೇ ಕೂತುಬಿಟ್ಟೆ. ಉಸ್ಮಾನಿ (ಆಟೊಮನ್) ಕಾಲದ ಎಷ್ಟೋ ಮಸೀದಿಗಳ ಮಿಹ್ರಾಬಿನ ಮೇಲೆ ಇದೇ ಸಾಲು ಇರುತ್ತದಂತೆ. ಕುರಾನಿನ 3ನೇ ಅಧ್ಯಾಯದ 37ನೇ ವಚನ. ಪುಟ್ಟ ಮರ್ಯಮಳನ್ನು ಅವಳ ತಾಯಿ ದೇವರ ಸೇವೆಗೆಂದು ಒಪ್ಪಿಸಿದಳು. ಸಾಕುವ ಹೊಣೆ ವೃದ್ಧ ಝಕರಿಯಾನದು. ಅವನು ಒಳಗೆ ಹೋದಾಗಲೆಲ್ಲ ಅವಳ ಬಳಿ ಆಹಾರ ಇರುತ್ತಿತ್ತು. ಇದೆಲ್ಲಿಂದ ಬಂತು ಮಗಳೇ ಎಂದರೆ, ದೇವರಿಂದ ಎನ್ನುತ್ತಿದ್ದಳು. ದಿನಕ್ಕೆ 5 ಸಲ ಯಾವ ಗೂಡಿಗೆ ಮುಖ ಮಾಡಿ ಸಾಲುಸಾಲಾಗಿ ನಿಲ್ಲುತ್ತಾರೋ, ಆ ಗೂಡಿನ ನೆತ್ತಿಯ ಮೇಲೆ ಕ್ರೈಸ್ತರ ಮರಿಯಮ್ಮನ ಬಾಲ್ಯದ ಕಥೆ ಇದೆ. ಇಷ್ಟು ವರ್ಷ ಇದು ನನಗೆ ತಿಳಿದಿರಲಿಲ್ಲವಲ್ಲ ಎಂದು ನಿಜಕ್ಕೂ ದುಃಖವಾಯಿತು.

ಹುಡುಗ ಒಂದೊಂದೇ ಹೇಳುತ್ತ ಹೋದ. ಕುರಾನಿನಲ್ಲಿ ಹೆಸರಿಡಿದು ಕರೆದಿರುವ ಹೆಂಗಸು ಮರ್ಯಮ್ ಒಬ್ಬಳೇ, 19ನೇ ಅಧ್ಯಾಯಕ್ಕೆ ಅವಳದೇ ಹೆಸರು. ಅತಿ ಹೆಚ್ಚು ಸಲ ಬರುವ ಪ್ರವಾದಿಯ ಹೆಸರು ಮೂಸಾ, ನೂರಕ್ಕೂ ಮೀರಿ. ಮುಹಮ್ಮದ್ ಎಂಬ ಹೆಸರು ಬರುವುದು 4 ಕಡೆ. ಮೂಸಾನಿಗೆ ತೌರಾತ್, ದಾವೂದನಿಗೆ ಝಬೂರ್, ಈಸಾನಿಗೆ ಇಂಜೀಲ್ ಎಂಬ ಗ್ರಂಥಗಳು ಇಳಿದವು ಎಂದು ನಂಬುವುದು ಮುಸ್ಲಿಮರ ನಂಬಿಕೆಯ ಭಾಗವೇ. ಮದೀನಾಕ್ಕೆ ಬಂದ ಮೊದಲ 16-17 ತಿಂಗಳು ಅವರು ನಮಾಜಿಗೆ ಮುಖ ಮಾಡುತ್ತಿದ್ದದ್ದು ಜೆರುಸಲೇಮಿನ ಕಡೆಗೆ. ಮಕ್ಕಾದ ಕಡೆಗೆ ತಿರುಗಿದ್ದು 624ರಲ್ಲಿ.

ಎಲ್ಲವೂ ಒಂದೇ ಎಂದುಬಿಡಲು ಮನಸ್ಸು ಹಾತೊರೆಯುತ್ತಿತ್ತು. ನಾನು ಹಾಗೆ ಅಂದೆ ಕೂಡ. ಹುಡುಗ ತಲೆಯಾಡಿಸಿದ. ಈಸಾ ಕನ್ಯೆಗೆ ಹುಟ್ಟಿದ, ರೋಗಿಗಳನ್ನು ಗುಣಪಡಿಸಿದ, ಮರಳಿ ಬರುತ್ತಾನೆ, ಇಷ್ಟನ್ನೂ ನಾವು ನಂಬುತ್ತೇವೆ. ಅವನು ದೇವರ ಮಗ ಎಂಬುದನ್ನು, ಶಿಲುಬೆಯ ಮೇಲೆ ಸತ್ತ ಎಂಬುದನ್ನು ನಂಬುವುದಿಲ್ಲ ಎಂದ. ಕ್ರೈಸ್ತರಿಗೆ ಎಲ್ಲಕ್ಕಿಂತ ಮುಖ್ಯವಾದ ಎರಡು ಸಂಗತಿಗಳೇ ಅವು. ಅವನು ಅದನ್ನು ನಯವಾಗಿ, ಆದರೆ ಸ್ಪಷ್ಟವಾಗಿ ಹೇಳಿದ್ದು ನನಗೆ ಇಷ್ಟವಾಯಿತು.

ಸಂಜೆ ಆಯಾ ಸೋಫಿಯಾ. ವಿದೇಶಿ ಪ್ರವಾಸಿಗರು 25 ಯೂರೋ ಕೊಟ್ಟು ಮೇಲಿನ ಮೊಗಸಾಲೆಗೆ ಮಾತ್ರ ಹೋಗಬಹುದು, ಕೆಳಗಿನ ಅಂಗಳ ನಮಾಜಿನವರಿಗೆ. ಜಸ್ಟಿನಿಯನ್ ಚಕ್ರವರ್ತಿ 537ರಲ್ಲಿ ಕಟ್ಟಿ ಮುಗಿಸಿದ ಚರ್ಚು, 1453ರಲ್ಲಿ ಮಸೀದಿ, 1930ರ ದಶಕದಲ್ಲಿ ವಸ್ತುಸಂಗ್ರಹಾಲಯ, 2020ರಿಂದ ಮತ್ತೆ ಮಸೀದಿ. ಮೇಲಿನಿಂದ ನೋಡಿದರೆ ಮಿಹ್ರಾಬ್ ಕಟ್ಟಡದ ನಡುಗೆರೆಗೆ ಸರಿಯಾಗಿಲ್ಲ, ತುಸು ಬಲಕ್ಕೆ ವಾಲಿದೆ. ಚರ್ಚಿನ ದಿಕ್ಕೇ ಬೇರೆ, ಮಕ್ಕಾದ ದಿಕ್ಕೇ ಬೇರೆ. ಕಟ್ಟಡವನ್ನು ತಿರುಗಿಸಲಾಗದೆ ಗೂಡನ್ನು ತಿರುಗಿಸಿದ್ದಾರೆ. ಅದರ ಮೇಲೆ, ಅರ್ಧಗುಮ್ಮಟದಲ್ಲಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಮರಿಯಮ್ಮನ 9ನೇ ಶತಮಾನದ ಮೊಸಾಯಿಕ್, ಅಂದರೆ ಹರಳು ಜೋಡಿಸಿ ಮಾಡಿದ ಚಿತ್ರ; ಮಸೀದಿಯಲ್ಲಿ ಚಿತ್ರದ ಮುಂದೆ ನಮಾಜು ಮಾಡುವಂತಿಲ್ಲವಾದ್ದರಿಂದ ಅದಕ್ಕೆ ಪರದೆ. ಯಾರ ಕಥೆ ಮಿಹ್ರಾಬುಗಳ ಮೇಲೆ ಬರಹವಾಗಿದೆಯೋ ಅವಳ ಮುಖಕ್ಕೇ ಬಟ್ಟೆ ಕಟ್ಟಬೇಕಾಗಿ ಬಂದದ್ದು ನನ್ನನ್ನು ಕಲಕಿತು. ಗೆದ್ದವರು ಸೋತವರ ಪ್ರಾರ್ಥನಾಮಂದಿರವನ್ನು ತಮ್ಮದಾಗಿಸಿಕೊಂಡದ್ದರ ನೋವೂ ಈ ಕಟ್ಟಡದಲ್ಲಿದೆ. ಅದನ್ನು ಬಿಟ್ಟು ಬರೀ ಗುಮ್ಮಟದ ಅಂದವನ್ನು ಬರೆಯಲು ನನ್ನ ಕೈಯಲ್ಲಾಗದು.

ದಕ್ಷಿಣದ ಮೊಗಸಾಲೆಯಲ್ಲಿ 13ನೇ ಶತಮಾನದ ಇನ್ನೊಂದು ಮೊಸಾಯಿಕ್ ಇದೆ. ನಡುವೆ ಯೇಸು, ಒಂದು ಬದಿ ಮರಿಯಮ್ಮ, ಇನ್ನೊಂದು ಬದಿ ಸ್ನಾನಿಕ ಯೋಹಾನ. ಮನುಷ್ಯರ ಪರವಾಗಿ ಇಬ್ಬರೂ ಬೇಡಿಕೊಳ್ಳುತ್ತಿದ್ದಾರೆ. ಕೆಳಭಾಗವೆಲ್ಲ ಉದುರಿದೆ, ಮುಖಗಳು ಉಳಿದಿವೆ. ಯೋಹಾನ ಎಂದರೆ ಝಕರಿಯಾನ ಮಗ ಯಹ್ಯಾ. ಮೂವರೂ ಕುರಾನಿನಲ್ಲಿದ್ದಾರೆ. ಕೆಳಗೆ ಮಗ್ರಿಬ್ ಅಝಾನ್ ಶುರುವಾದಾಗ ಅಕ್ಕ ಅವರ ಮುಂದೆಯೇ ನಿಂತಿದ್ದಳು.

ಎರಡನೇ ದಿನ: ಕಾರಿಯೆ

ಹಳೆಯ ಕೋಟೆಗೋಡೆಯ ಹತ್ತಿರದ ಕಾರಿಯೆ ಮಸೀದಿಗೆ ಹೋಗಲು ಬೇರೆ ಕಾರಣವಿತ್ತು, ಅಲ್ಲಿ ಸಿಕ್ಕದ್ದೇ ಬೇರೆ. ಇದೂ ಚರ್ಚಾಗಿದ್ದದ್ದೇ. 16ನೇ ಶತಮಾನದ ಆರಂಭದಲ್ಲಿ ಮಸೀದಿಯಾಯಿತು, 20ನೇ ಶತಮಾನದ ನಡುವೆ ವಸ್ತುಸಂಗ್ರಹಾಲಯವಾಯಿತು, 2024ರ ಮೇ ತಿಂಗಳಿಂದ ಮತ್ತೆ ನಮಾಜು ನಡೆಯುತ್ತಿದೆ. ಪ್ರವೇಶದ ಮೊಗಸಾಲೆಗಳ ತುಂಬ ಥಿಯೊಡೋರ್ ಮೆಟೊಕೈಟಿಸ್ ಎಂಬ ಮಂತ್ರಿ 1315ರಿಂದ 1321ರ ನಡುವೆ ಮಾಡಿಸಿದ ಮೊಸಾಯಿಕ್‌ಗಳು. ಚಿನ್ನದ ಹರಳುಗಳ ನಡುವೆ ಮರಿಯಮ್ಮನ ಬದುಕು ಹುಟ್ಟಿನಿಂದ ಬಿಡಿಸಿಟ್ಟಂತಿದೆ: ಅವಳ ಮೊದಲ 7 ಹೆಜ್ಜೆಗಳು, ತಂದೆತಾಯಿ ಅವಳನ್ನು ಎತ್ತಿಕೊಂಡು ಮುದ್ದಿಸುವುದು, ದೇವಾಲಯಕ್ಕೆ ಒಪ್ಪಿಸುವುದು.

ಕತ್ತೆತ್ತಿ ನೋಡುತ್ತ ಹೋದ ಅಕ್ಕ ಒಂದು ಕಮಾನಿನ ಕೆಳಗೆ ನಿಂತು ನನ್ನ ತೋಳು ಹಿಡಿದಳು. ದೇವಾಲಯದೊಳಗೆ ಕೂತ ಪುಟ್ಟ ಹುಡುಗಿಗೆ ದೇವದೂತನೊಬ್ಬ ರೊಟ್ಟಿ ಕೊಡುತ್ತಿದ್ದಾನೆ. "ಝಕರಿಯಾ ಒಳಗೆ ಹೋದಾಗಲೆಲ್ಲ" ಎಂದಳು. ನಿನ್ನೆ ಅರ್ಧಕ್ಕೆ ನಿಂತಿದ್ದ ವಾಕ್ಯ ಇಲ್ಲಿ ಚಿತ್ರವಾಗಿತ್ತು.

ಈ ಪ್ರಸಂಗ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ನಮ್ಮ ಸಿಸ್ಟರ್ ಹೇಳದೆ ಇದ್ದದ್ದೂ ಅದಕ್ಕೇ ಇರಬೇಕು. ಇದು ಬರುವುದು ಯಾಕೋಬನ ಹೆಸರಿನಲ್ಲಿರುವ, 2ನೇ ಶತಮಾನದ ಒಂದು ಬರಹದಲ್ಲಿ. ಬೈಬಲಿನೊಳಗೆ ಅದಕ್ಕೆ ಜಾಗ ಸಿಗಲಿಲ್ಲ, ಪೂರ್ವದ ಕ್ರೈಸ್ತರು ಮಾತ್ರ ಕಥೆಯನ್ನು ಬಿಡಲಿಲ್ಲ. ಮಗು ಮರಿಯಮ್ಮ ದೇವಾಲಯಕ್ಕೆ ಬಂದ ದಿನವನ್ನು ನವೆಂಬರ್ 21ರಂದು ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ. ಇಸ್ಲಾಮಿನ ನಂಟನ್ನು ನಾನು ಗ್ರಂಥಕ್ಕೂ ಗ್ರಂಥಕ್ಕೂ ನಡುವೆ ಹುಡುಕುತ್ತಿದ್ದೆ. ತಾಯಂದಿರು, ಸಂನ್ಯಾಸಿಗಳು, ಒಂಟೆಯ ಸಾಲಿನ ವ್ಯಾಪಾರಿಗಳು ರಾತ್ರಿ ಹೇಳಿಕೊಳ್ಳುತ್ತಿದ್ದ ಕಥೆಗಳಲ್ಲಿ ಅದು ಇನ್ನೂ ಗಟ್ಟಿಯಾಗಿದೆ ಎಂದು ಅಲ್ಲಿ ಕತ್ತು ನೋಯಿಸಿಕೊಂಡು ನಿಂತಾಗ ಅನಿಸಿತು. ಮುಸ್ಲಿಮರಿಗೆ ಕುರಾನ್ ದೇವರ ವಾಣಿ, ಕೇಳಿ ಬರೆದ ಕಥೆಯಲ್ಲ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ವಾಣಿಯನ್ನು ಮೊದಲು ಕೇಳಿಸಿಕೊಂಡ ಅರಬರಿಗೆ ಝಕರಿಯಾ ಯಾರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಿಗೆ ಅವನು ಗೊತ್ತಿದ್ದ.

ಗೊತ್ತಿದ್ದದ್ದರಿಂದ ಜೀವಗಳೂ ಉಳಿದವು. ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಮೊದಲ ಮುಸ್ಲಿಮರಲ್ಲಿ ಕೆಲವರು ಸುಮಾರು 615ರಲ್ಲಿ ಕಡಲು ದಾಟಿ ಅಬಿಸೀನಿಯಾಕ್ಕೆ, ಇಂದಿನ ಇಥಿಯೋಪಿಯಾ ಸೀಮೆಗೆ, ಓಡಿದರು. ಅಲ್ಲಿನ ದೊರೆ ನಜಾಶಿ ಕ್ರೈಸ್ತ. ಇವರನ್ನು ಮರಳಿ ಒಪ್ಪಿಸಿ ಎಂದು ಮಕ್ಕಾದವರು ಉಡುಗೊರೆ ಹೊತ್ತು ಬಂದರು. ನಿಮ್ಮ ಗ್ರಂಥದಲ್ಲಿ ಏನಿದೆ, ಓದಿ ಎಂದ ದೊರೆ. ಪ್ರವಾದಿಯವರ ದೊಡ್ಡಪ್ಪನ ಮಗ ಜಾಫರ್ ಮುಂದೆ ಬಂದು ಓದಿದ್ದು ಮರ್ಯಮ್ ಅಧ್ಯಾಯದ ಆರಂಭವನ್ನು. ದೊರೆಯ ಗಡ್ಡ ಒದ್ದೆಯಾಗುವಷ್ಟು ಕಣ್ಣೀರು ಬಂತು, ಇವರನ್ನು ಒಪ್ಪಿಸುವುದಿಲ್ಲ ಎಂದ, ಎನ್ನುತ್ತವೆ ಇಸ್ಲಾಮಿನ ಆದಿ ಚರಿತ್ರೆಗಳು. ಕಾರಿಯೆಯ ಎದುರಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನ ಬಾಲಾತ್ ಓಣಿಗಳಲ್ಲಿ ಇಳಿದೆವು. ಅಲ್ಲಿನ ಅಹ್ರಿದಾ ಸಿನಗಾಗ್, ಯಹೂದಿಗಳ ಪ್ರಾರ್ಥನಾಮಂದಿರ, 15ನೇ ಶತಮಾನದ್ದು. ಮುಂಚಿತವಾಗಿ ಅನುಮತಿ ಪಡೆದವರಿಗೆ ಮಾತ್ರ ಪ್ರವೇಶ, ನಾವು ಪಡೆದಿರಲಿಲ್ಲ. ಒಳಗಿನ ಓದುವ ವೇದಿಕೆ ಹಡಗಿನ ಮೂತಿಯ ಆಕಾರದಲ್ಲಿದೆಯಂತೆ. ನೋಹನ ನಾವೆ ಎನ್ನುವವರಿದ್ದಾರೆ, 1492ರಲ್ಲಿ ಸ್ಪೇನಿನಿಂದ ಹೊರದಬ್ಬಿಸಿಕೊಂಡ ಯಹೂದಿಗಳನ್ನು ಸುಲ್ತಾನ್ ಎರಡನೇ ಬಾಯಝೀದ್ ಬರಮಾಡಿಕೊಂಡಾಗ ಅವರು ಬಂದಿಳಿದ ಹಡಗು ಎನ್ನುವವರೂ ಇದ್ದಾರೆ. ಪಕ್ಕದ ಬೀದಿಯಲ್ಲಿ ಅಶುರೆ ತಿಂದೆವು. ಗೋಧಿ, ಕಡಲೆ, ಒಣಹಣ್ಣು ಎಲ್ಲ ಸೇರಿಸಿ ಬೇಯಿಸಿದ ಸಿಹಿ. ನಾವೆ ನೆಲ ಮುಟ್ಟಿದ ದಿನ ಉಳಿದುಬಳಿದದ್ದನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ನೂಹ್ ಪ್ರವಾದಿಯ ಮನೆಯವರು ಮಾಡಿದ ಅಡುಗೆ ಎಂದು ತುರ್ಕರು ನಂಬುತ್ತಾರೆ, ಮುಹರ್ರಮ್ ತಿಂಗಳಲ್ಲಿ ನೆರೆಯವರಿಗೆಲ್ಲ ಹಂಚುತ್ತಾರೆ.

ಮೂರನೇ ದಿನ: ಉರ್ಫಾ

ಬೆಳಗಿನ ವಿಮಾನ. ಎರಡು ಗಂಟೆಗಳಲ್ಲಿ ಹಸಿರು ಮುಗಿದು ಕಂದು ಬಣ್ಣದ ನೆಲ. ಹಿಂದೆ ಎಡೆಸ್ಸಾ ಎನಿಸಿಕೊಂಡಿದ್ದ ಶಾನ್‌ಲಿಉರ್ಫಾ ಸಿರಿಯಾ ಗಡಿಗೆ ಹತ್ತಿರ. ಇಬ್ರಾಹಿಂ ಪ್ರವಾದಿ, ಬೈಬಲಿನ ಅಬ್ರಹಾಮ, ಹುಟ್ಟಿದ್ದು ಇಲ್ಲಿಯೇ ಎಂಬುದು ಊರಿನ ನಂಬಿಕೆ. ಅವನ ಊರೆಂದು ಬೈಬಲ್ ಹೇಳುವ ಊರ್ ಪಟ್ಟಣ ದಕ್ಷಿಣ ಇರಾಕಿನಲ್ಲಿತ್ತು ಎಂಬುದು ಬಹುಪಾಲು ವಿದ್ವಾಂಸರ ಮಾತು. ಅದನ್ನು ಇಲ್ಲಿ ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಕೋಟೆಯ ಬುಡದಲ್ಲಿ ಉದ್ದನೆಯ ಕೊಳ. ಉತ್ತರದ ದಡದಲ್ಲಿ 18ನೇ ಶತಮಾನದ ರಿಝ್ವಾನಿಯೆ ಮಸೀದಿಯ ಕಮಾನುಗಳು, ಇನ್ನೊಂದು ಮೂಲೆಯಲ್ಲಿ 1211ರ ಚೌಕ ಮಿನಾರಿನ ಹಲೀಲ್ ರಹ್ಮಾನ್ ಮಸೀದಿ. ನೀರಿನ ತುಂಬ ಕಪ್ಪನೆಯ ಮೀನು. ಕಾಳು ಎಸೆದರೆ ಒಂದರ ಮೇಲೊಂದು ಏರಿ ಬಾಯಿ ತೆರೆಯುತ್ತವೆ. ಇವನ್ನು ಯಾರೂ ಹಿಡಿಯುವುದಿಲ್ಲ, ತಿಂದವರ ಕಣ್ಣು ಹೋಗುತ್ತದೆ ಎನ್ನುತ್ತಾರೆ. ಮೇಲೆ ಕೋಟೆಯ ಅಂಚಿನಲ್ಲಿ ಎರಡು ಒಂಟಿ ಕಂಬಗಳು. ನಮ್ರೂದ್ ದೊರೆ ಇಬ್ರಾಹಿಮನನ್ನು ಆ ಕಂಬಗಳ ನಡುವಿನಿಂದ ಕೆಳಗಿನ ಬೆಂಕಿಗೆ ಎಸೆಸಿದ. ಬೆಂಕಿ ನೀರಾಯಿತು, ಸೌದೆ ಮೀನಾಯಿತು. ನೀರು, ಮೀನು ಊರವರ ಕಥೆ. ಬೆಂಕಿಯೇ, ಇಬ್ರಾಹಿಮನಿಗೆ ತಂಪಾಗು ಎಂದು ದೇವರು ಅಪ್ಪಣೆ ಮಾಡಿದ್ದು ಕುರಾನಿನ 21ನೇ ಅಧ್ಯಾಯ.

ಚಹಾ ತೋಟದಲ್ಲಿ ಪಕ್ಕದ ಮೇಜಿನ ನಿವೃತ್ತ ಮೇಷ್ಟ್ರೊಬ್ಬರು ಮಾತಿಗೆ ಸಿಕ್ಕರು. ಅಕ್ಕನನ್ನು "ಅಬ್ಲಾ" ಎಂದು ಕರೆದರು. ತುರ್ಕಿ ಭಾಷೆಯಲ್ಲಿ ಅದಕ್ಕೂ ಅಕ್ಕ ಎಂದೇ ಅರ್ಥ, ಅವಳಿಗೆ ಅದು ಹಿಡಿಸಿತು. ಇಬ್ರಾಹಿಮನ ತಂದೆಯ ಕಡೆಯವರು ವಿಗ್ರಹ ಪೂಜಿಸುವವರು. ಊರವರು ಇಲ್ಲದ ಹೊತ್ತಿನಲ್ಲಿ ಹುಡುಗ ಎಲ್ಲ ವಿಗ್ರಹಗಳನ್ನು ಒಡೆದು ದೊಡ್ಡದೊಂದನ್ನು ಉಳಿಸಿದ. ಯಾರು ಮಾಡಿದ್ದು ಎಂದರೆ, ಆ ದೊಡ್ಡದನ್ನೇ ಕೇಳಿ ಎಂದ. ಮೇಷ್ಟ್ರು ಇದನ್ನು ಹೇಳುತ್ತ, ಕೇಳುವವರ ಸಿಟ್ಟನ್ನೂ ಹುಡುಗನ ದಿಟ್ಟತನವನ್ನೂ ಮುಖದಲ್ಲೇ ಮಾಡಿ ತೋರಿಸಿದರು. ವಿಗ್ರಹ ಪೂಜಿಸುವ ಮನೆಯಲ್ಲಿ ಬೆಳೆದ ನಮಗೆ ಅದು ಸಲೀಸಾಗಿ ಇಳಿಯುವ ಕಥೆಯಲ್ಲ. ಅದನ್ನು ಅವರಿಗೆ ಹೇಳಿದೆವು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ತಲೆಬಾಗಿದರು, ಕಥೆಯನ್ನು ಬದಲಿಸಲಿಲ್ಲ. ಎರಡೂ ಸರಿಯಾಗಿತ್ತು.

ನಿನ್ನೆಯ ಹಾಗೆಯೇ ಇಲ್ಲಿಯೂ ಒಂದು ಗಂಟು. ವಿಗ್ರಹ ಒಡೆದದ್ದು, ಬೆಂಕಿಗೆ ಎಸೆದದ್ದು ಬೈಬಲಿನಲ್ಲಿಲ್ಲ. ಆದಿಕಾಂಡಕ್ಕೆ ಯಹೂದಿ ಗುರುಗಳು ಬರೆದ, ಸುಮಾರು 5ನೇ ಶತಮಾನದ ವ್ಯಾಖ್ಯಾನದಲ್ಲಿದೆ. ಅಲ್ಲಿ ಹುಡುಗನ ತಂದೆ ತೆರಹನದು ವಿಗ್ರಹದ ಅಂಗಡಿ, ಬೆಂಕಿಗೆ ಎಸೆಸುವವನು ನಿಮ್ರೋದ. ಹೀಬ್ರೂವಿನಲ್ಲಿ ಊರ್ ಎಂಬ ಶಬ್ದವನ್ನು ಬೆಂಕಿ ಎಂದೂ ಓದಬಹುದು. ದೇವರು ಅಬ್ರಹಾಮನನ್ನು ಊರ್‌ನಿಂದ ಹೊರತಂದ ಎಂಬ ವಾಕ್ಯದಲ್ಲಿ ಆ ಗುರುಗಳು ಬೆಂಕಿಯಿಂದ ಹೊರತಂದದ್ದನ್ನು ಕಂಡರು. ಮೇಷ್ಟ್ರಿಗೆ ಇದು ಹೊಸದು. ಎರಡು ಸಲ ಕೇಳಿ ತಿಳಿದುಕೊಂಡು, ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡರು.

ನಾಲ್ಕನೇ ದಿನ: ಮತ್ತೆ ಉರ್ಫಾ

ಬೆಳಗ್ಗೆ ಇಬ್ರಾಹಿಂ ಹುಟ್ಟಿದನೆನ್ನುವ ಗುಹೆ. ಹೆಂಗಸರಿಗೆ ಬೇರೆ ಬಾಗಿಲು. ತಗ್ಗು ಬಾಗಿಲಲ್ಲಿ ಬಗ್ಗಿ ಹೋದರೆ ಗಾಜಿನಾಚೆ ನೀರು, ಈಚೆ ಕುರಾನ್ ಓದುತ್ತ ಕೂತ ಅಜ್ಜಿಯರು. ಒಬ್ಬಾಕೆ ಸರಿದು ಜಾಗ ಕೊಟ್ಟರು. ಮಾತು ಬಾರದಿದ್ದರೂ ಮೊಮ್ಮಗುವಿಗಾಗಿ ಬೇಡಿಕೊಳ್ಳಲು ಬಂದಿದ್ದಾರೆಂದು ತಿಳಿಯಿತು. ಅಲ್ಲಿಂದ ಊರ ತೆಂಕಣ ಭಾಗದ ಅಯ್ಯೂಬ್ ಪ್ರವಾದಿಯ ಗುಹೆಗೆ ಹೋದೆವು. ಬೈಬಲಿನ ಯೋಬ, ಎಲ್ಲವನ್ನೂ ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಕೂತವನು. ನೆಲವನ್ನು ಕಾಲಿನಿಂದ ಒದೆ, ತಣ್ಣನೆಯ ನೀರಿದೆ ಎಂದು ದೇವರು ಅವನಿಗೆ ಹೇಳಿದ್ದು ಕುರಾನಿನಲ್ಲಿದೆ, ಆ ನೀರೇ ಇಲ್ಲಿನ ಬಾವಿ ಎನ್ನುತ್ತಾರೆ. ಬಾಟಲಿ ಹಿಡಿದು ಜನ ಸಾಲುಗಟ್ಟಿದ್ದರು.

ಉರ್ಫಾದ ಉಲು ಜಾಮಿ, ಅಂದರೆ ದೊಡ್ಡ ಮಸೀದಿ, 12ನೇ ಶತಮಾನದ್ದು. ಮೊದಲು ಅಲ್ಲಿದ್ದ ಚರ್ಚಿನ ಎಂಟು ಮೂಲೆಯ ಗಂಟೆಗೋಪುರ ಈಗ ಮಿನಾರು. ಅಂಗಳದ ಬಾವಿಗೂ ಒಂದು ಕಥೆ. ಎಡೆಸ್ಸಾದ ದೊರೆ ಅಬ್ಗರ್ ಕಾಯಿಲೆ ಬಿದ್ದು ಯೇಸುವಿಗೆ ಓಲೆ ಕಳಿಸಿದ, ಯೇಸುವಿನ ಮುಖದ ಅಚ್ಚು ಮೂಡಿದ ಬಟ್ಟೆಯೊಂದು ಅವನಿಗೆ ಬಂತು. ಆ ಬಟ್ಟೆ ಒಮ್ಮೆ ಈ ಬಾವಿಯಲ್ಲಿತ್ತಂತೆ. ಮುಸ್ಲಿಂ ಆಳ್ವಿಕೆಯ 300 ವರ್ಷ ಅದು ಈ ಊರಿನಲ್ಲೇ ಕ್ರೈಸ್ತರ ಕೈಯಲ್ಲಿ ಉಳಿದಿತ್ತು. 944ರಲ್ಲಿ, ಸೆರೆಯಲ್ಲಿದ್ದ ಮುಸ್ಲಿಮರನ್ನು ಬಿಡುವುದಕ್ಕೆ ಬದಲಾಗಿ ಅದನ್ನು ಕಾನ್‌ಸ್ಟಾಂಟಿನೋಪಲಿಗೆ ಕೊಟ್ಟರು. ನಾವು ನಿನ್ನೆ ಬೆಳಗ್ಗೆ ಬಿಟ್ಟು ಬಂದ ಇಸ್ತಾಂಬುಲ್‌ಗೇ.

ಇವತ್ತು ಆ ಗೋಪುರದಲ್ಲಿ ಗಂಟೆಯಿಲ್ಲ, ಕೆಳಗೆ ಆ ಗಂಟೆಗೆ ಓಗೊಡುವ ಜನರೂ ಇಲ್ಲ. ಉರ್ಫಾದ ಅರ್ಮೇನಿಯನ್ನರು 1915ರಲ್ಲಿ ಕೊಲೆಗೂ ಗಡೀಪಾರಿಗೂ ಗುರಿಯಾದರು. ಅಂಗಳದಲ್ಲಿ ಕೂತಷ್ಟು ಹೊತ್ತೂ ನಾನು ಅವರನ್ನು ನೆನೆದೆ. ಕಥೆ ಹಂಚಿಕೊಂಡವರು ಊರನ್ನು ಹಂಚಿಕೊಳ್ಳಲಾಗದೆ ಹೋದದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ಐದನೇ ದಿನ: ಹರ್ರಾನ್

ಉರ್ಫಾದಿಂದ ತೆಂಕಣಕ್ಕೆ ಸುಮಾರು 45 ಕಿಲೋಮೀಟರು. ಹತ್ತಿಯ ಹೊಲಗಳು ಮುಗಿಯುವುದೇ ಇಲ್ಲ. ಆದಿಕಾಂಡದ ಹಾರಾನ್ ಇದೇ. ತೆರಹ ಸತ್ತದ್ದು ಇಲ್ಲಿ, 75 ವರ್ಷದ ಅಬ್ರಾಮ ಗಂಟುಮೂಟೆ ಕಟ್ಟಿ ಹೊರಟದ್ದು ಇಲ್ಲಿಂದ. ಕಾರಿನ ಚಾಲಕ ದಾರಿಯಲ್ಲಿ ಕೇಳಿದ: ಇಬ್ರಾಹಿಂ ಬಲಿ ಕೊಡಲು ಹೊರಟದ್ದು ಯಾವ ಮಗನನ್ನು, ನಿಮ್ಮ ಶಾಲೆಯಲ್ಲಿ ಏನು ಹೇಳಿಕೊಟ್ಟರು? ಇಸಾಕನನ್ನು ಎಂದೆ. ಇಸ್ಮಾಯಿಲನನ್ನು ಎಂದ ಅವನು. ಬೈಬಲ್ ಇಸಾಕನ ಹೆಸರು ಹೇಳುತ್ತದೆ. ಕುರಾನ್ ಆ ಜಾಗದಲ್ಲಿ ಮಗನ ಹೆಸರನ್ನೇ ಹೇಳುವುದಿಲ್ಲ, ಆದರೆ ಮುಸ್ಲಿಮರ ಬಕ್ರೀದ್ ನಡೆಯುವುದು ಇಸ್ಮಾಯಿಲನ ನೆನಪಿನಲ್ಲಿ. ಇಬ್ಬರೂ ಅಷ್ಟಕ್ಕೇ ಬಿಟ್ಟೆವು.

ಜೇನುಗೂಡಿನಾಕಾರದ ಮಣ್ಣಿನ ಮನೆಗಳನ್ನು ಬೇಗ ನೋಡಿ ಮುಗಿಸಿ ದೊಡ್ಡ ಮಸೀದಿಯ ಅವಶೇಷದ ಕಡೆ ನಡೆದೆವು. ಉಮಯ್ಯ ಮನೆತನದ ಕೊನೆಯ ಖಲೀಫ ಎರಡನೇ ಮರ್ವಾನ್ 744ರ ಸುಮಾರಿಗೆ ಹರ್ರಾನನ್ನು ರಾಜಧಾನಿ ಮಾಡಿಕೊಂಡು ಕಟ್ಟಿಸಿದ್ದು. 13ನೇ ಶತಮಾನದಲ್ಲಿ ಮಂಗೋಲರ ಕೈಯಲ್ಲಿ ಊರು ಹಾಳಾಯಿತು. ಉಳಿದಿರುವುದು ಚೌಕ ಮಿನಾರು, ಒಂದು ಕಮಾನು, ಬಿದ್ದ ಕಂಬಗಳು. ಮಸೀದಿಗೂ ಮುಂಚೆ ಸಾವಿರಾರು ವರ್ಷ ಈ ಊರು ಸಿನ್ ಎಂಬ ಚಂದ್ರದೇವನ ಕ್ಷೇತ್ರ. ಇಸ್ಲಾಮ್ ಬಂದ ಮೇಲೂ ಗ್ರಹ ನಕ್ಷತ್ರಗಳ ಆರಾಧಕರು ಇಲ್ಲಿ ಉಳಿದಿದ್ದರು, ತಮ್ಮನ್ನು ಸಾಬಿಯರೆಂದು ಕರೆದುಕೊಂಡರು. ಯಹೂದಿ, ಕ್ರೈಸ್ತರ ಜೊತೆ ಕುರಾನ್ ಹೆಸರಿಸುವ ಹೆಸರು ಅದು. ಅವರಲ್ಲೊಬ್ಬ, 901ರಲ್ಲಿ ತೀರಿಕೊಂಡ ಸಾಬಿತ್ ಇಬ್ನ್ ಖುರ್ರಾ, ಬಗ್ದಾದಿನಲ್ಲಿ ಗ್ರೀಕ್ ಗಣಿತವನ್ನು ಅರಬಿಗೆ ತಂದ ದೊಡ್ಡ ವಿದ್ವಾಂಸ.

1956ರಲ್ಲಿ ಈ ಮಸೀದಿಯ ಬಾಗಿಲುಗಳ ಹತ್ತಿರ ಅಗೆದಾಗ, ಮೆಟ್ಟಿಲಿಗೆ ಹಾಸಿದ್ದ ಕಲ್ಲುಗಳ ಅಡಿಮುಖದಲ್ಲಿ ಬರಹ ಸಿಕ್ಕಿತು. ಬ್ಯಾಬಿಲೋನಿನ ಕೊನೆಯ ದೊರೆ, ಚಂದ್ರಭಕ್ತ ನಬೊನಿಡಸ್‌ನ ಕಾಲದ ಶಾಸನಗಳು, ಮಸೀದಿಗಿಂತ 1200ಕ್ಕೂ ಹೆಚ್ಚು ವರ್ಷ ಹಳೆಯವು. ತುಳಿಯಲೆಂದೇ ಮಗುಚಿ ಹಾಕಿದರೋ, ಒಳ್ಳೆಯ ಕಲ್ಲು ಸಿಕ್ಕಿತೆಂದು ಹಾಸಿದರೋ. ತುಳಿಯಲೆಂದೇ ಇರಬೇಕು ಎಂದು ನನಗನಿಸುತ್ತದೆ. ಆದರೂ ನೂರಾರು ವರ್ಷ ನಮಾಜಿಗೆ ಬಂದ ಒಬ್ಬೊಬ್ಬರೂ ಆ ಕಲ್ಲುಗಳನ್ನು ದಾಟಿಯೇ ಒಳಗೆ ಹೋದರು, ಆ ಅಕ್ಷರಗಳು ಮಣ್ಣಿನ ಕಡೆ ಮುಖ ಮಾಡಿ ಮಳೆ ಗಾಳಿ ತಾಗದೆ ಉಳಿದುಕೊಂಡವು.

ಉತ್ಖನನದ ಜಾಗವಾದ್ದರಿಂದ ಬೇಲಿ ಹಾಕಿದ್ದರು. ಕಾವಲಿನವರು ನಮ್ಮನ್ನು ಸ್ವಲ್ಪ ದೂರ ಒಳಗೆ ಬಿಟ್ಟರು. ಹೊತ್ತು ಇಳಿಯುತ್ತಿತ್ತು, ಪಕ್ಕದ ಹಳ್ಳಿಯಿಂದ ಅಝಾನ್ ಕೇಳಿಬಂತು. ಕಮಾನಿನ ಹತ್ತಿರ ಬಂದಾಗ ಅಕ್ಕ ನಿಂತು, ಒಂದು ಕೈಯಿಂದ ನನ್ನ ಹೆಗಲು ಹಿಡಿದು ಚಪ್ಪಲಿ ಬಿಟ್ಟಳು. ಬೇಡ ಬೇಡ, ಇಲ್ಲಿ ಅದು ಬೇಕಿಲ್ಲ, ಮುಳ್ಳಿದೆ ಎಂದು ಕಾವಲಿನವರು ಕೈಸನ್ನೆ ಮಾಡಿದರು. ಅವಳು ನಕ್ಕು ತಲೆಯಾಡಿಸಿ, ಚಪ್ಪಲಿಗಳನ್ನು ಕಲ್ಲಿನ ಪಕ್ಕ ಜೋಡಿಸಿಟ್ಟು, ಬರಿಗಾಲಲ್ಲಿ ನೆಲ ನೋಡುತ್ತ ಒಳಗೆ ನಡೆದಳು.